ರಾಜಕುಮಾರಿ ಗೌರಮ್ಮನ ವಂಶಶೋಧನೆ: ಕುಲದಾಖಲೆಗಳ ಸಾಕ್ಷ್ಯವಿಮರ್ಶೆ

ಕುಲಚರಿತ್ರೆಯ ಬಗೆಗೆ ಇತಿಹಾಸದ ಅಧ್ಯಾಪಕರಲ್ಲಿ ಒಂದು ಬಗೆಯ ತಾತ್ಸಾರವುಂಟು. ಯಾರಾದರೊಬ್ಬರು ತಮ್ಮ ಮುತ್ತಜ್ಜನ ಹೆಸರನ್ನು ಹಿಡಿದುಕೊಂಡು ವಿಭಾಗದ ಬಾಗಿಲಿಗೆ ಬಂದರೆ ನಾವು ಅವರನ್ನು ಆದರದಿಂದ ಕುಳ್ಳಿರಿಸುತ್ತೇವೆ, ಎರಡು ಮಾತನಾಡುತ್ತೇವೆ, ಅನಂತರ ಕಚೇರಿಯ ದಾಖಲೆಗಳ ಕಡೆಗೆ ಕೈತೋರಿ ಕಳುಹಿಸಿಬಿಡುತ್ತೇವೆ. ರಾಜರ ವಂಶಾವಳಿಯಾದರೆ ಅದು ಸಂಶೋಧನೆ, ಶಾನುಭೋಗರ ವಂಶಾವಳಿಯಾದರೆ ಅದು ಮನೆವಾರ್ತೆ ಎಂಬ ಈ ಭೇದಕ್ಕೆ ಶಾಸ್ತ್ರೀಯವಾದ ಆಧಾರವೇನೂ ಇಲ್ಲ. ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಒಂದೇ. ಈ ಬರಹವನ್ನು ಬರೆದವರು ಯಾರು? ಸಂಗತಿ ನಡೆದ ಎಷ್ಟು ಕಾಲಕ್ಕೆ ಬರೆದರು? ಹಾಗೆ ಬರೆದುದರಿಂದ ಅವರಿಗೆ ಆಗಬೇಕಾಗಿದ್ದ ಪ್ರಯೋಜನವೇನು?

ಈ ಪ್ರಶ್ನೆಗಳನ್ನು ಒಂದು ನಿದರ್ಶನಕ್ಕೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನವಾಗಿ ನಾವು ಆರಿಸಿಕೊಂಡಿರುವುದು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳಾದ ಗೌರಮ್ಮನನ್ನು. ಆಕೆಯ ಆಯ್ಕೆಗೆ ಕಾರಣವಿದೆ. ಆಕೆಯ ಹಿಂದಿನ ತಲೆಮಾರುಗಳು ಕನ್ನಡದ ಬರಹದಲ್ಲಿವೆ. ಮುಂದಿನ ತಲೆಮಾರುಗಳು ಇಂಗ್ಲೆಂಡಿನ ನೋಂದಣಿ ಪುಸ್ತಕಗಳಲ್ಲಿವೆ. ನಡುವೆ ನಿಂತಿರುವ ಆಕೆಯೊಬ್ಬಳೇ ಈ ಎರಡು ಬಗೆಯ ದಾಖಲೆಗಳನ್ನು ಜೋಡಿಸುವ ಕೊಂಡಿ. ಕೊಂಡಿಯಲ್ಲಿ ದೋಷವಿದ್ದರೆ ಸರಪಳಿಯೇ ಕಳಚಿಹೋಗುತ್ತದೆ.

ಮೊದಲು ಸ್ಥೂಲವಾದ ಸಂಗತಿಗಳನ್ನು ಹೇಳಿಬಿಡುವುದು ಮೇಲು. ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. 1834ರ ಏಪ್ರಿಲ್ ತಿಂಗಳಲ್ಲಿ ಕರ್ನಲ್ ಫ್ರೇಸರನ ಮುಂದಾಳುತನದಲ್ಲಿ ಕಂಪೆನಿಯ ಸೈನ್ಯವು ಮಡಿಕೇರಿಯನ್ನು ಹಿಡಿಯಿತು. ಅರಸನು ಪದಚ್ಯುತನಾಗಿ ವೇಲೂರಿಗೂ ಅಲ್ಲಿಂದ ಕಾಶಿಗೂ ಸಾಗಿಸಲ್ಪಟ್ಟನು. ಗೌರಮ್ಮ 1841ರಲ್ಲಿ ಕಾಶಿಯಲ್ಲಿ ಹುಟ್ಟಿದಳು. ಅರ್ಥಾತ್, ಕೊಡಗಿನ ರಾಜಕುಮಾರಿಯೆಂದು ಪ್ರಸಿದ್ಧಳಾದ ಈಕೆ ಹುಟ್ಟುವ ಹೊತ್ತಿಗೆ ಕೊಡಗು ಕೈಬಿಟ್ಟು ಏಳು ವರ್ಷಗಳು ಸಂದಿದ್ದುವು. 1852ರಲ್ಲಿ ತಂದೆ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಕೆಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿ ಸ್ವತಃ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಆಕೆಗೆ ಇತ್ತಳು. 1859ರಲ್ಲಿ ಅರಸನು ಲಂಡನ್ನಿನಲ್ಲಿ ತೀರಿಕೊಂಡನು. 1860ರಲ್ಲಿ ಗೌರಮ್ಮನಿಗೆ ತನಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನೊಡನೆ ವಿವಾಹವಾಯಿತು. 1861ರ ಜುಲೈಯಲ್ಲಿ ಒಬ್ಬ ಮಗಳು. 1864ರಲ್ಲಿ ಕ್ಷಯರೋಗದಿಂದ ಆಕೆಯ ಮರಣ. ಬ್ರಾಂಪ್ಟನ್ ಶ್ಮಶಾನದಲ್ಲಿ ಸಮಾಧಿ.

ಇಷ್ಟನ್ನು ಹತ್ತು ಸಾಲಿನಲ್ಲಿ ಹೇಳಬಹುದು. ಆದರೆ ಈ ಹತ್ತು ಸಾಲುಗಳ ಹಿಂದಿರುವ ಆಕರಗಳು ಒಂದೇ ತೂಕದವಲ್ಲ.

ಹಿಂದಿನ ತಲೆಮಾರುಗಳಿಂದ ಆರಂಭಿಸೋಣ. ಹಾಲೇರಿಯ ಅರಸುಮನೆತನವು ತನ್ನ ಚರಿತ್ರೆಯನ್ನು ತಾನೇ ಬರೆಯಿಸಿಕೊಂಡಿತು. ದೊಡ್ಡವೀರರಾಜೇಂದ್ರನ ಆಜ್ಞೆಯಿಂದ ಕನ್ನಡ ಗದ್ಯದಲ್ಲಿ ಸಿದ್ಧವಾದ ‘ರಾಜೇಂದ್ರನಾಮೆ’ 1633ರಿಂದ 1807ರವರೆಗಿನ ಸಂಗತಿಗಳನ್ನು ಒಳಗೊಂಡಿದೆ. 1808ರಲ್ಲಿ ಅಬರ್‌ಕ್ರಾಂಬಿ ಎಂಬ ಸೈನ್ಯಾಧಿಕಾರಿಯಿಂದ ಇಂಗ್ಲಿಷಿಗೂ ಬಂದಿತು. ಸಾಮಾನ್ಯವಾಗಿ ಇದನ್ನು ಕೊಡಗಿನ ರಾಜಕೀಯ ಚರಿತ್ರೆಗೆ ಆಕರವೆಂದು ಓದುತ್ತಾರೆ. ನಮ್ಮ ಮಟ್ಟಿಗೆ ಅದು ಮೊದಲಿಗೆ ಒಂದು ಕುಲದಾಖಲೆ. ಅದರಲ್ಲಿಯೂ ಒಂದು ಹಕ್ಕುಪತ್ರ. ದೊಡ್ಡವೀರರಾಜೇಂದ್ರನಿಗೆ ಗಂಡುಸಂತಾನವಿರಲಿಲ್ಲ. ಪಟ್ಟದರಸಿ ಮಹದೇವಮ್ಮ 1807ರಲ್ಲಿ ತೀರಿಕೊಂಡಳು. ತನ್ನ ತರುವಾಯ ಸಿಂಹಾಸನವು ತಮ್ಮಂದಿರಿಗೆ ಹೋಗದೆ ಮಗಳು ದೇವಮ್ಮಾಜಿಗೆ ಸಲ್ಲಬೇಕೆಂಬುದು ಅವನ ಬಯಕೆ. ಅದಕ್ಕೆ ಇಂಗ್ಲಿಷರ ಒಪ್ಪಿಗೆ ಬೇಕಾಗಿತ್ತು. ಗ್ರಂಥವು ಆ ಹೊತ್ತಿನಲ್ಲಿಯೇ ಸಿದ್ಧವಾದುದೂ, ಮರುವರ್ಷವೇ ಇಂಗ್ಲಿಷಿಗೆ ತಿರುಗಿದುದೂ ಕಾಕತಾಳೀಯವಲ್ಲ. ವಂಶದ ಹಿರಿಮೆ, ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ಸಾಹಸ, ಕಂಪೆನಿಗೆ ಮಾಡಿದ ನೆರವು, ಇವೆಲ್ಲವನ್ನೂ ಓದುವಾಗ ಕೊನೆಯಲ್ಲಿ ಒಬ್ಬಳು ಚಿಕ್ಕ ಹುಡುಗಿ ನಿಂತಿದ್ದಾಳೆಂಬುದನ್ನು ಮರೆಯಬಾರದು. 1809ರಲ್ಲಿ ದೇವಮ್ಮಾಜಿಗೆ ಪಟ್ಟವೇನೋ ಆಯಿತು. 1811ರಲ್ಲಿ ಚಿಕ್ಕಪ್ಪನಾದ ಲಿಂಗರಾಜೇಂದ್ರನು ಅದನ್ನು ತನ್ನದಾಗಿಸಿಕೊಂಡನು. ಅವನ ಮಗನೇ ಚಿಕ್ಕವೀರರಾಜೇಂದ್ರ.

ಹೀಗಿರಲು, ಈ ಮನೆತನದ ಏಕೈಕ ಆತ್ಮಲಿಖಿತ ಚರಿತ್ರೆಯು ಹೆಣ್ಣುಮಗಳೊಬ್ಬಳ ಹಕ್ಕನ್ನು ಸ್ಥಾಪಿಸುವುದಕ್ಕಾಗಿ ರಚಿತವಾಯಿತು. ಆ ಹಕ್ಕು ಎರಡೇ ವರ್ಷಗಳಲ್ಲಿ ಮಣ್ಣುಗೂಡಿತು. ಲಂಡನ್ನಿಗೆ ಹೋದ ಕವಲಾದರೋ ಹೆಣ್ಣುಮಗಳೊಬ್ಬಳ ಮೂಲಕವೇ ಉಳಿದು ಬಂದಿತು. ರಾಜೇಂದ್ರನಾಮೆಯು ಗೌರಮ್ಮನ ಕವಲಿನ ಪಕ್ಷಪಾತಿಯಲ್ಲ. ಅದು ಯಾರ ಕೈಗೆ ರಾಜ್ಯ ಹೋಗಬಾರದೆಂದು ಬರೆಯಲ್ಪಟ್ಟಿತೋ ಅವರ ಮೊಮ್ಮಗಳು ಈಕೆ. ಆದುದರಿಂದ ಗೌರಮ್ಮನ ಪೂರ್ವಜರನ್ನು ಅದರಿಂದ ಗುರುತಿಸುವವರು ಲಿಂಗರಾಜನನ್ನು ಕುರಿತ ಭಾಗಗಳನ್ನು ಇನ್ನೊಂದು ಕಣ್ಣಿನಿಂದ ಓದಬೇಕು.

ಇಲ್ಲಿ ಹೆಸರುಗಳ ತೊಡಕನ್ನು ಹೇಳದೆ ಮುಂದುವರಿಯುವಂತಿಲ್ಲ. ಕೊಡಗಿನ ಈ ಐವತ್ತು ವರ್ಷಗಳ ಚರಿತ್ರೆಯಲ್ಲಿ ಇಬ್ಬರು ವೀರರಾಜೇಂದ್ರರಿದ್ದಾರೆ. ಇಬ್ಬರು ದೇವಮ್ಮಾಜಿಯರೂ ಇದ್ದಾರೆ. ಒಬ್ಬಳು ದೊಡ್ಡವೀರರಾಜೇಂದ್ರನ ಮಗಳು, ಎರಡು ವರ್ಷದ ರಾಣಿ. ಇನ್ನೊಬ್ಬಳು ಚಿಕ್ಕವೀರರಾಜೇಂದ್ರನ ತಂಗಿ. 1832ರಲ್ಲಿ ಗಂಡ ಚನ್ನಬಸವಪ್ಪನೊಡನೆ ಗಡಿದಾಟಿ ಮೈಸೂರಿನ ರೆಸಿಡೆಂಟರ ಆಶ್ರಯ ಪಡೆದವಳು. ಈ ಪಲಾಯನವೇ ಮುಂದೆ ಯುದ್ಧಕ್ಕೆ ನೆಪವಾಯಿತು. ‘ದೊಡ್ಡ’, ‘ಚಿಕ್ಕ’ ಎಂಬ ವಿಶೇಷಣಗಳು ಗಂಡಸರಿಗೆ ದೊರೆತುವು, ಹೆಂಗಸರಿಗೆ ದೊರೆಯಲಿಲ್ಲ. ನಾವೇ ಒಮ್ಮೆ ತರಗತಿಯಲ್ಲಿ ಪಾಠ ಹೇಳುತ್ತ ಈ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿ, ಎರಡು ವರ್ಷ ಆಳಿದ ಹುಡುಗಿಯನ್ನು ಬೆಂಗಳೂರಿನ ದಾರಿಗೆ ಹತ್ತಿಸಿಬಿಟ್ಟಿದ್ದೆವು. ಸೋಮವಾರಪೇಟೆಯ ಕಡೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಅವರು ಬೇರೆ, ಇವರು ಬೇರೆ ಸಾರ್” ಎಂದನು. ಅವನು ಯಾವ ಗ್ರಂಥವನ್ನೂ ಓದಿರಲಿಲ್ಲ, ಮನೆಯಲ್ಲಿ ಕೇಳಿದ್ದನು. ಬಾಯಿಮಾತಿನ ಪರಂಪರೆಯನ್ನು ಲಿಖಿತಕ್ಕಿಂತ ಕೀಳೆಂದು ಎಣಿಸುವವರಿಗೆ ಈ ಪ್ರಸಂಗವನ್ನು ನಾವು ಆಗಾಗ ಹೇಳುವುದುಂಟು.

ಕೊಡಗಿನ ಇತರ ಕುಟುಂಬಗಳ ಸ್ಥಿತಿ ಇಷ್ಟು ಕ್ಲಿಷ್ಟವಾದುದಲ್ಲ. ಕೊಡವರ ಪ್ರತಿಯೊಬ್ಬರ ಹೆಸರಿಗೂ ಒಕ್ಕದ ಹೆಸರು ಅಂಟಿಕೊಂಡಿರುತ್ತದೆ. ಮೂಲಪುರುಷನಾದ ಕಾರಣವನಿಗೆ ಕೈಮಡದಲ್ಲಿ ಸಲ್ಲುವ ಗೌರವವು ನೆನಪನ್ನು ಕಾಯುತ್ತದೆ. ಲಿಂಗರಾಜನು 1812ರ ಸುಮಾರಿನಿಂದ ಮಾಡಿಸಿದ ‘ಶಿಸ್ತು’ ಎಂಬ ಭೂಕಂದಾಯದ ಲೆಕ್ಕವಂತೂ ಒಕ್ಕಗಳ ಚರಿತ್ರೆಗೆ ಗಟ್ಟಿಯಾದ ನೆಲೆ. ಆದರೆ ಅರಸುಮನೆತನದವರು ಲಿಂಗಾಯತರು. ಒಕ್ಕದ ಈ ಏರ್ಪಾಡಿಗೆ ಹೊರಗಿನವರು. ನಾಡು ಬಿಟ್ಟ ಮೇಲೆ ಅವರ ನೆನಪನ್ನು ಕಾಯುವ ಕೈಮಡವೊಂದು ಇರಲಿಲ್ಲ. ಮಡಿಕೇರಿಯ ಗದ್ದಿಗೆಗಳಲ್ಲಿ ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಇದ್ದಾರೆ. ಚಿಕ್ಕವೀರರಾಜೇಂದ್ರನ ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನಿನಲ್ಲಿ. ವಂಶವೃಕ್ಷವನ್ನು ಕಲ್ಲಿನಲ್ಲಿ ಓದಬೇಕೆನ್ನುವವನಿಗೆ ಎರಡು ಖಂಡಗಳನ್ನು ದಾಟಬೇಕಾಗುತ್ತದೆ.

ಅಲ್ಲಿಂದ ಮುಂದಕ್ಕೆ ನಮ್ಮ ಕೈಗೆ ಸಿಗುವುದು ಇಂಗ್ಲೆಂಡಿನ ದಾಖಲೆಗಳು. ಆ ದೇಶದ ನೋಂದಣಿಯ ವ್ಯವಸ್ಥೆಯನ್ನು ನಮ್ಮವರು ಬಹಳ ಹೊಗಳುತ್ತಾರೆ. ಹೊಗಳಿಕೆ ಅಸ್ಥಾನದ್ದೇನೂ ಅಲ್ಲ. ಚರ್ಚುಗಳಲ್ಲಿ 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕಗಳಿವೆ. 1837ರ ಜುಲೈಯಿಂದ ಸರಕಾರವೇ ಜನನ, ವಿವಾಹ, ಮರಣಗಳನ್ನು ಬರೆದಿಡುತ್ತ ಬಂದಿದೆ. 1841ರಿಂದೀಚೆಗೆ ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿಯಲ್ಲಿ ಪ್ರತಿಯೊಂದು ಮನೆಯವರ ಹೆಸರೂ ಇವೆ. ಇಂದು ಈ ಸೂಚಿಗಳನ್ನು ಗಣಕಯಂತ್ರದ ಮುಂದೆ ಕುಳಿತು ಮೈಸೂರಿನಿಂದಲೇ ನೋಡಬಹುದಾಗಿದೆ. ಆದರೆ ದಾಖಲೆ ಸುಲಭವಾಗಿ ಸಿಕ್ಕಮಾತ್ರಕ್ಕೆ ಅದು ನಮ್ಮ ಪ್ರಶ್ನೆಗೆ ಉತ್ತರ ಹೇಳುವುದೆಂಬ ನಿಯಮವಿಲ್ಲ. ನಮೂನೆಯಲ್ಲಿ ಯಾವ ಅಂಕಣವಿದೆಯೋ ಅಷ್ಟನ್ನೇ ಅದು ಹೇಳುತ್ತದೆ.

ಈ ಅಂಕಣಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ಇಂಗ್ಲೆಂಡಿನ ವಿವಾಹಪತ್ರದಲ್ಲಿ ವಧೂವರರ ತಂದೆಯ ಹೆಸರಿಗೂ ವೃತ್ತಿಗೂ ಸ್ಥಳವುಂಟು. ತಾಯಿಯ ಹೆಸರಿಗೆ ಸ್ಥಳವಿಲ್ಲ. ಮರಣಪತ್ರದಲ್ಲಿ ತಂದೆತಾಯಿಗಳಿಬ್ಬರಿಗೂ ಸ್ಥಳವಿಲ್ಲ. ವಿವಾಹಿತೆಯಾದವಳು ‘ಇಂಥವನ ಹೆಂಡತಿ’ ಎಂದೇ ಅಲ್ಲಿ ಬರುತ್ತಾಳೆ. ಮಗುವಿನ ಜನನಪತ್ರವೊಂದರಲ್ಲಿ ಮಾತ್ರ ತಾಯಿಯ ತವರಿನ ಉಪನಾಮವನ್ನು ಕೇಳುತ್ತಾರೆ. ಉಪನಾಮವೆಂಬುದೇ ಇಲ್ಲದ ಕನ್ನಡದ ಹೆಣ್ಣುಮಗಳಿಗೆ ಈ ಅಂಕಣ ಎಷ್ಟರಮಟ್ಟಿಗೆ ಒದಗೀತು? ಕಾಶಿಯಲ್ಲಿ ಹುಟ್ಟುವಾಗ ಗೌರಮ್ಮ, 1852ರಿಂದ ವಿಕ್ಟೋರಿಯಾ ಗೌರಮ್ಮ, 1860ರಿಂದ ಶ್ರೀಮತಿ ಕ್ಯಾಂಬೆಲ್. ಇಪ್ಪತ್ತಮೂರು ವರ್ಷವೂ ತುಂಬದ ಒಂದು ಆಯುಸ್ಸಿನಲ್ಲಿ ಆಕೆ ಮೂರು ಸಾರಿ ಹೊಸದಾಗಿ ಬರೆಯಲ್ಪಟ್ಟಳು.

ಜನಗಣತಿಯನ್ನು ಲೆಕ್ಕಹಾಕಿ ನೋಡಿದರೆ ಇನ್ನೂ ವಿಸ್ಮಯವಾಗುತ್ತದೆ. ಅವಳು ಇಂಗ್ಲೆಂಡಿಗೆ ಬಂದುದು 1852ರಲ್ಲಿ, ಅಂದರೆ 1851ರ ಗಣತಿ ಮುಗಿದ ಮರುವರ್ಷ. ಮರಣ 1864ರಲ್ಲಿ. ಹೀಗಾಗಿ ಆಕೆ ಸಿಕ್ಕಬಹುದಾದ ಗಣತಿ ಒಂದೇ ಒಂದು, 1861ರದು. ಅದು ನಡೆದುದು ಏಪ್ರಿಲ್ 7ರಂದು; ಮಗಳು ಎಡಿತ್ ಹುಟ್ಟಿದುದು ಆ ವರ್ಷದ ಜುಲೈಯಲ್ಲಿ. 1871ರ ಗಣತಿಯ ವೇಳೆಗೆ ತಾಯಿ ಸತ್ತು ಏಳು ವರ್ಷವಾಗಿತ್ತು. ತಾಯಿಮಗಳನ್ನು ಒಂದೇ ಮನೆಯಲ್ಲಿ, ಒಂದೇ ಹಾಳೆಯ ಮೇಲೆ ತೋರಿಸುವ ಗಣತಿಯೇ ಇಲ್ಲ. ಗಣತಿಯನ್ನೇ ಬೆನ್ನೆಲುಬಾಗಿ ಇರಿಸಿಕೊಂಡು ವಂಶವೃಕ್ಷ ಕಟ್ಟುವ ಪದ್ಧತಿಯು ಇಲ್ಲಿ ಕೈಕೊಡುತ್ತದೆ. ಇದರ ಮೇಲೆ, ಹೊರದೇಶದಲ್ಲಿ ಹುಟ್ಟಿದವರಿಗೆ ದೇಶದ ಹೆಸರನ್ನು ಮಾತ್ರ ಬರೆದರೆ ಸಾಕೆಂಬುದು ಆ ಗಣತಿಯ ನಿಯಮ. ಕಾಶಿಯೂ ಒಂದೇ, ಕೊಡಗೂ ಒಂದೇ, ಎಲ್ಲವೂ ‘ಇಂಡಿಯಾ’.

ಇನ್ನು ಕಥನರೂಪದ ಆಕರಗಳು. ಇವುಗಳಲ್ಲಿ ಪ್ರಧಾನವಾದುದು ಲೇಡಿ ಲಾಗಿನ್ನಳ ಬರಹ. ಈಕೆಯ ಗಂಡ ಸರ್ ಜಾನ್ ಲಾಗಿನ್, ಪಂಜಾಬಿನ ಪದಚ್ಯುತ ಮಹಾರಾಜ ದುಲೀಪಸಿಂಹನ ಪೋಷಕ. ದುಲೀಪಸಿಂಹನಿಗೂ ಗೌರಮ್ಮನಿಗೂ ಮದುವೆ ಮಾಡಿಸಬೇಕೆಂದು ರಾಣಿಗೆ ಆಸೆಯಿತ್ತು, ಅವನು ಒಪ್ಪಲಿಲ್ಲ. ಕೊನೆಗೆ ಗೌರಮ್ಮ ಲಾಗಿನ್ ದಂಪತಿಗಳ ಆರೈಕೆಗೆ ಬಂದಳು. 1890ರಲ್ಲಿ ಪ್ರಕಟವಾದ ಗಂಡನ ಜೀವನಚರಿತ್ರೆಯಲ್ಲಿಯೂ, 1916ರಲ್ಲಿ ಮಗಳು ಸಂಪಾದಿಸಿ ಹೊರತಂದ ಸ್ಮೃತಿಗ್ರಂಥದಲ್ಲಿಯೂ ಲೇಡಿ ಲಾಗಿನ್ ಈ ಹುಡುಗಿಯ ನಡೆನುಡಿಗಳನ್ನು ಚಿತ್ರಿಸಿದ್ದಾಳೆ. ಅನಂತರದ ಲೇಖಕರಲ್ಲಿ ಹೆಚ್ಚಿನವರು ಗೌರಮ್ಮನ ಸ್ವಭಾವವನ್ನು ಕುರಿತು ಏನು ಹೇಳಿದರೂ ಅದರ ಮೂಲ ಇಲ್ಲಿಯೇ ಇದೆ.

ಈ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಗೌರಮ್ಮನನ್ನು ಮದುವೆಯಾದ ಕರ್ನಲ್ ಕ್ಯಾಂಬೆಲ್ ಈ ಲೇಡಿ ಲಾಗಿನ್ನಳ ಅಣ್ಣ. ಹತ್ತೊಂಬತ್ತರ ಅನಾಥೆಯನ್ನು ಐವತ್ತರ ಸಮೀಪದ ಗಂಡಿಗೆ, ಅದೂ ಪೋಷಿಸುವವರ ಮನೆಯವನಿಗೇ ಕೊಟ್ಟ ಈ ಸಂಬಂಧವನ್ನು ಮೂವತ್ತು ವರ್ಷ ಕಳೆದ ಮೇಲೆ ವರನ ಸೋದರಿ ಬರೆಯುತ್ತಿದ್ದಾಳೆ. ಹುಡುಗಿಯ ಚಂಚಲತೆಯನ್ನೂ ಅವಳನ್ನು ಕಾಯುವುದರಲ್ಲಿ ಹಿರಿಯರು ಪಟ್ಟ ಕಷ್ಟವನ್ನೂ ಓದುವಾಗ, ಆ ವಿವಾಹಕ್ಕೆ ಸಮರ್ಥನೆ ಬೇಕಾಗಿದ್ದುದು ಯಾರಿಗೆ ಎಂಬುದನ್ನು ಕೇಳಿಕೊಳ್ಳಲೇಬೇಕು. ಗೌರಮ್ಮನ ಪರವಾಗಿ ಮಾತನಾಡುವ ಸಮಕಾಲೀನ ಕನ್ನಡದ ಬರಹ ಒಂದೂ ಎದುರಿಗಿಲ್ಲದಿರುವಾಗ ಈ ಎಚ್ಚರಿಕೆ ದುಪ್ಪಟ್ಟು ಅವಶ್ಯಕ. ಲೇಡಿ ಲಾಗಿನ್ ಸುಳ್ಳು ಬರೆದಳೆಂದು ನಾವು ಹೇಳುತ್ತಿಲ್ಲ. ತಾರೀಖುಗಳಿಗೆ, ಜನರ ಓಡಾಟಕ್ಕೆ ಆಕೆ ಒಳ್ಳೆಯ ಸಾಕ್ಷಿ. ಗುಣದೋಷಗಳ ನಿರ್ಣಯಕ್ಕೆ ಅಲ್ಲ.

ತಂದೆಯ ವಿಷಯದಲ್ಲಿಯೂ ಸ್ಥಿತಿ ಇದೇ. ಚಿಕ್ಕವೀರರಾಜೇಂದ್ರನ ಕ್ರೌರ್ಯದ ಕಥೆಗಳನ್ನು ವಿಸ್ತಾರವಾಗಿ ಹೇಳುವ ಮೋಗ್ಲಿಂಗ್ ಪಾದ್ರಿಯವರ ಕೊಡಗಿನ ವೃತ್ತಾಂತವು 1855ರಲ್ಲಿ ಹೊರಬಂದಿತು. ಅದೇ ಕಾಲದಲ್ಲಿ ಅರಸನು ಲಂಡನ್ನಿನಲ್ಲಿದ್ದುಕೊಂಡು ಕಂಪೆನಿಯ ಕೈಸೇರಿದ್ದ ತನ್ನ ಸಾಲಪತ್ರಗಳ ಹಣಕ್ಕಾಗಿ ಹೋರಾಡುತ್ತಿದ್ದನು. ಕೊಡಗನ್ನು ಸೇರಿಸಿಕೊಂಡುದು ಪ್ರಜೆಗಳ ಏಕಕಂಠದ ಕೋರಿಕೆಯ ಮೇರೆಗೆಂದು 1834ರ ಮೇ ತಿಂಗಳ ಘೋಷಣೆಯಲ್ಲಿ ಸಾರಿದ್ದ ಸರಕಾರಕ್ಕೆ ಅರಸನ ದುರ್ಗುಣಗಳು ಬೇಕಾಗಿದ್ದುವು. ಮೋಗ್ಲಿಂಗರಿಗೆ ಕನ್ನಡದ ಮೇಲೆ ಇದ್ದ ಪ್ರೀತಿ ನಿಸ್ಸಂಶಯವಾದುದು. ಅವರು ಕೊಡಗಿನಲ್ಲಿದ್ದು ಜನರ ಬಾಯಿಂದ ಕೇಳಿದವರು. ಆದರೂ ಕೇಳಿದುದು ಇಪ್ಪತ್ತು ವರ್ಷಗಳ ಬಳಿಕ, ಹೊಸ ದೊರೆತನದ ನೆರಳಿನಲ್ಲಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯು ಈ ಅರಸನನ್ನು ಕನ್ನಡಿಗರ ಮನಸ್ಸಿನಲ್ಲಿ ಶಾಶ್ವತವಾಗಿ ನಿಲ್ಲಿಸಿದೆ. ಕಾದಂಬರಿಯ ಮೇಲ್ಮೆ ಬೇರೆ, ಸಾಕ್ಷ್ಯ ಬೇರೆ ಎಂಬುದನ್ನು ಹೇಳಬೇಕಾಗಿಲ್ಲವಾದರೂ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡಿದವರು ಹೇಳದೆ ಇರಲಾರರು.

ಆ ಮೊಕದ್ದಮೆಯ ಕಡತವನ್ನು ವಂಶಶೋಧಕರು ಬಹಳ ಆಸೆಯಿಂದ ನೋಡುವುದುಂಟು. ಆಸ್ತಿಯ ವ್ಯಾಜ್ಯದಲ್ಲಿ ವಂಶಾವಳಿ ಬಂದೇ ಬರುವುದೆಂಬುದು ನಮ್ಮ ದೇಶದ ಅನುಭವ. ದಾಯಾದಿಗಳ ಮೊಕದ್ದಮೆಗಳೇ ಇಲ್ಲದಿದ್ದರೆ ನಮ್ಮ ಎಷ್ಟೋ ಮನೆತನಗಳಿಗೆ ಅಜ್ಜನ ಅಪ್ಪನ ಹೆಸರು ತಿಳಿಯುತ್ತಿರಲಿಲ್ಲ. ಇಲ್ಲಿ ಮಾತ್ರ ಅರಸನು ಸತ್ತ ಮರುವರ್ಷ, 1860ರಲ್ಲಿ, ನ್ಯಾಯಾಲಯವು ಬೇರೊಂದು ದಾರಿ ಹಿಡಿಯಿತು. ಕಂಪೆನಿಯು ಯುದ್ಧದಲ್ಲಿ ಸಾರ್ವಭೌಮ ಶಕ್ತಿಯಾಗಿ ವರ್ತಿಸಿ ಆ ಪತ್ರಗಳನ್ನು ವಶಪಡಿಸಿಕೊಂಡಿತು, ಅದು ರಾಜ್ಯಕೃತ್ಯ, ಅದರ ವಿಚಾರಣೆ ನ್ಯಾಯಾಲಯದ ವ್ಯಾಪ್ತಿಗೆ ಬಾರದು ಎಂದು ದಾವೆಯನ್ನು ವಜಾ ಮಾಡಲಾಯಿತು. ಕಾನೂನಿನ ಇತಿಹಾಸಕ್ಕೆ ಇದು ಮಹತ್ವದ ತೀರ್ಪು, ಇಂದಿಗೂ ಉದ್ಧರಿಸಲ್ಪಡುತ್ತದೆ. ಹಣ ಯಾರಿಗೆ ಸೇರಬೇಕಾಗಿತ್ತು, ವಾರಸುದಾರರು ಯಾರು ಎಂಬುದನ್ನು ನಿರ್ಣಯಿಸುವ ಅಗತ್ಯವೇ ಅದಕ್ಕೆ ಬೀಳಲಿಲ್ಲ. ವಂಶಶೋಧಕನಿಗೆ ಈ ತೀರ್ಪು ಬಾಗಿಲವರೆಗೆ ಕರೆದೊಯ್ದು ಕದ ಮುಚ್ಚಿದಂತೆ.

ಚಿತ್ರಗಳೂ ದಾಖಲೆಗಳೇ. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರನು ಬರೆದ ಗೌರಮ್ಮನ ಚಿತ್ರವೂ, ಮಾರೊಚೆಟ್ಟಿ ಎಂಬ ಶಿಲ್ಪಿಯು ಕಡೆದು ಬಣ್ಣವಿಟ್ಟ ಎದೆಮಟ್ಟದ ಪ್ರತಿಮೆಯೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಎರಡೂ ಆ ಆಸ್ಥಾನದ ಆಶ್ರಯದಲ್ಲಿಯೇ ಆದುವು. ಒಡವೆಗಳನ್ನು ತೊಟ್ಟ, ಭಾರತದ ಉಡುಗೆಯ ಆ ಹುಡುಗಿಯಲ್ಲಿ ಕೊಡಗಿನ ಅರಮನೆಯ ವೇಷಭೂಷಣವನ್ನು ಹುಡುಕುವವರಿದ್ದಾರೆ. ಹುಟ್ಟುವ ಮೊದಲೇ ಅರಮನೆಯನ್ನು ಕಳೆದುಕೊಂಡವಳ ಮೇಲೆ ಅಷ್ಟು ಭಾರವನ್ನು ಹೊರಿಸುವುದು ಯುಕ್ತವಲ್ಲ. ವಿಂಡ್ಸರಿನವರು ರಾಜಕುಮಾರಿಯನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಆ ಚಿತ್ರ ಪ್ರಮಾಣ.

ಪ್ರಾಸಂಗಿಕವಾಗಿ ಇನ್ನೊಂದು ಕವಲನ್ನು ಸೂಚಿಸಬೇಕು. ಚಿಕ್ಕವೀರರಾಜೇಂದ್ರನ ಮತ್ತೊಬ್ಬ ಮಗಳನ್ನು ನೇಪಾಳದ ಜಂಗಬಹಾದೂರನು ಯೂರೋಪಿನಿಂದ ಮರಳುವಾಗ ಕಾಶಿಯಲ್ಲಿ ಮದುವೆಯಾದನು. ಅವನೊಡನೆ ಪ್ರಯಾಣ ಮಾಡಿದ ಲಾರೆನ್ಸ್ ಓಲಿಫಾಂಟನ 1852ರ ಪ್ರವಾಸಗ್ರಂಥದಲ್ಲಿ ಈ ಪ್ರಸಂಗ ಬಂದಿದೆ. ಹೀಗೆ ಹಾಲೇರಿಯ ಒಂದು ಹೆಣ್ಣು ಲಂಡನ್ನಿಗೂ ಒಂದು ಹೆಣ್ಣು ಕಠ್ಮಂಡುವಿಗೂ ಹೋದುವು. ನಮ್ಮ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೆರೆ ನಿಂತುಬಿಡುವುದರಿಂದ ಈ ಕವಲುಗಳು ಎಷ್ಟೋ ಕಾಲ ಕನ್ನಡದ ಗ್ರಂಥಗಳಲ್ಲಿ ‘ಸಂತತಿ ನಿಂತಿತು’ ಎಂಬಂತೆ ತೋರುತ್ತಿದ್ದುವು.

ಸಂತತಿ ನಿಂತಿರಲಿಲ್ಲ. ಗೌರಮ್ಮ ಸತ್ತ ಮೂರು ವರ್ಷಕ್ಕೆ, 1867ರಲ್ಲಿ, ಕರ್ನಲ್ ಕ್ಯಾಂಬೆಲ್ ಮನೆಯಿಂದ ಹೊರಟವನು ಮರಳಲಿಲ್ಲ. ಕೈಯಲ್ಲಿದ್ದ ಚೀಲದಲ್ಲಿ ಹೆಂಡತಿಯ ಒಡವೆಗಳಿದ್ದುವೆಂದು ಹೇಳಿಕೆ. ಈ ಕಣ್ಮರೆಯ ಕಥೆ ರಮ್ಯವಾದುದು, ಒಡವೆಗಳನ್ನು ಹುಡುಕುವವರು ಇಂದಿಗೂ ಇದ್ದಾರೆ. ನಮಗೆ ಒಡವೆಗಳಿಗಿಂತ ಆರು ವರ್ಷದ ಮಗು ಮುಖ್ಯವೆನಿಸುತ್ತದೆ. ಎಡಿತ್ ಬೆಳೆದಳು, ವಿವಾಹದಿಂದ ಯಾರ್ಡ್ಲಿ ಎಂಬ ಉಪನಾಮ ಪಡೆದಳು. ಮುಂದಿನ ಪೀಳಿಗೆ ಆಸ್ಟ್ರೇಲಿಯಾದಲ್ಲಿ ನೆಲೆಸಿತು. ಕೊಡಗಿನ ಲೇಖಕರಾದ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ಈ ಶತಮಾನದಲ್ಲಿ ಇದನ್ನು ನಮ್ಮವರ ಗಮನಕ್ಕೆ ತಂದಿತು. ವಿಶ್ವವಿದ್ಯಾನಿಲಯದ ಹೊರಗಿನವರೊಬ್ಬರು ಈ ಕೆಲಸವನ್ನು ಮಾಡಬೇಕಾಯಿತೆಂಬುದನ್ನು ನಾವು ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಹುಡುಕುವವರ ಉಪಯೋಗಕ್ಕಾಗಿ ಒಂದು ಮಾತು. ಇಂಗ್ಲಿಷ್ ಲಿಪಿಯಲ್ಲಿ ಗೌರಮ್ಮನ ಮೊದಲ ಅಕ್ಷರದ ಸ್ವರವನ್ನು ಎರಡು ಮೂರು ಬಗೆಯಾಗಿ ಬರೆದಿದ್ದಾರೆ. ವೀರರಾಜೇಂದ್ರನ ಹೆಸರಂತೂ ಬರೆದವರ ಕಿವಿಗೆ ಬಿದ್ದಂತೆ ಬದಲಾಗಿದೆ. ಒಂದೇ ಕಾಗುಣಿತವನ್ನು ಹಿಡಿದು ಸೂಚಿಯನ್ನು ನೋಡಿ ‘ಇಲ್ಲ’ವೆಂದು ಕೈಬಿಡಬಾರದು. ತಾಯಿಯ ಹೆಸರು ಸಿಕ್ಕದಿದ್ದರೆ ಮಗಳ ಹೆಸರನ್ನು ಕೊನೆಯವರೆಗೆ ಓದಬೇಕು. ಆ ಮಗುವಿಗೆ ಇಟ್ಟ ಪೂರ್ತಿ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್.